ಭಾನುವಾರದ ಘಮ

ಮಟನ್ ಬೆಲೆ ಗಗನಕ್ಕೇರಿದರೂ ಪಕ್ಕದ ಮನೆಯ ದೇವೀರಮ್ಮನ ಒಲೆಯಿಂದ ಭಾನುವಾರದ ಘಮ ತಪ್ಪಲಿಲ್ಲ. ವಠಾರಕ್ಕೆಲ್ಲ ಹರಡುವ ಆ ಸಾರಿನ ವಾಸನೆಗೆ ಪುಷ್ಪಲತಾಳ ಹೊಟ್ಟೆ ಧಗಧಗ ಉರಿಯುತ್ತಿತ್ತು.

"ಅವಳ ಗಂಡನೂ ನಿಮ್ಮ ಜೊತೇಲೇ ದುಡಿಯೋದು. ಅವರಿಗೆ ಮಟನ್ ಸಾರು, ನಮಗೆ ಹುರುಳಿ ಸಾರು!" ಎಂದು ಗಂಡನ ಮೇಲೆ ಹರಿಹಾಯ್ದಳು.

ತಡೆಯಲಾರದೆ ತಾನೇ ಮಟನ್ ಅಂಗಡಿಗೆ ಹೋದಳು. ಜನ ಕರಗುವವರೆಗೂ ಮೂಲೆಯಲ್ಲಿ ನಿಂತಿದ್ದು, ದನಿ ತಗ್ಗಿಸಿದಳು.

"ಅಣ್ಣಾ, ನಮ್ಮನೆ ನಾಯಿಗೆ ಒಂದಿಷ್ಟು ಮೂಳೆ ಇದ್ರೆ ಕೊಡಿ."

ಆ ವಠಾರದಲ್ಲಿ ಯಾರೂ ನಾಯಿ ಸಾಕುವಂತಿಲ್ಲ ಎಂಬುದು ಅಂಗಡಿಯವನಿಗೇನು ಗೊತ್ತು?

"ಅಯ್ಯೋ, ಖಾಲಿ ಆಯ್ತಲ್ಲಕ್ಕಾ. ನಿಮ್ಮ ಪಕ್ಕದ್ಮನೆ ದೇವೀರಮ್ಮ ಬೆಳಿಗ್ಗೇನೇ ಬಂದು ಒಯ್ದುಬಿಟ್ರು. ವಾರ ವಾರ ಅವರ ನಾಯಿಗೆ ಅಂತಾನೇ ತೆಗೆದಿಡ್ತೀನಿ."