ಬಲಗಡೆಯ ಹೂವು

ಗಡಿಯಲ್ಲಿ ಯುದ್ಧ ಶುರುವಾದ ಮೂರನೆಯ ದಿನ ಮಧ್ಯಾಹ್ನ, ಸಗರದ ಗೊಲ್ಲಾಳಮ್ಮನ ಹಿತ್ತಲಿಗೆ ಪಿಕಪ್ ಗಾಡಿಯೊಂದು ಹಿಂದಕ್ಕೆ ಹಿಂದಕ್ಕೆ ಬಂದು ನಿಂತಿತು. ಕೊರಳಿಗೆ ಐಡಿ ಕಾರ್ಡ್ ಹಾಕಿಕೊಂಡಿದ್ದ ಸಂಜುಕುಮಾರ ಇಳಿದವನೇ ಬೇವಿನ ಗಿಡದ ಕೆಳಗಿನ ವೀರಗಲ್ಲನ್ನು ಟೇಪು ಹಿಡಿದು ಅಳೆದ. ಕಲ್ಲಿನಲ್ಲಿ ಕುದುರೆ ಏರಿ ಕತ್ತಿ ಎತ್ತಿದ ವೀರ, ಊರವರ ಬಾಯಲ್ಲಿ ಈರಪ್ಪ. ಸೋಮವಾರಕ್ಕೊಮ್ಮೆ ಅವನಿಗೆ ಎಣ್ಣೆ ಹಚ್ಚಿ, ಮನೆಯ ಸಮಾಚಾರವನ್ನೆಲ್ಲ ಒಪ್ಪಿಸುವುದು ಗೊಲ್ಲಾಳಮ್ಮನ ರೂಢಿ. ಗಂಡ ಇದ್ದಾಗಲೂ ಅವಳು ಹೆಚ್ಚು ಮಾತಾಡಿದ್ದು ಈರಪ್ಪನ ಜೊತೆಗೇ. ಅವನಾದರೆ ಪೂರ್ತಿ ಕೇಳುತ್ತಿದ್ದ.

“ಯುದ್ಧ ನಡದದ ಅಮ್ಮಾ. ಬಾಂಬ್ ಬಿದ್ರ ಇಂಥಾ ಹಳೇ ಕಲ್ಲೆಲ್ಲ ಪುಡಿಪುಡಿ ಆಗ್ತಾವ. ಸುರಕ್ಷಿತ ಜಾಗಕ್ಕ ಒಯ್ರಿ ಅಂತ ಸರ್ಕಾರದ ಆರ್ಡರ್ ಆಗ್ಯದ,” ಎಂದ ಸಂಜುಕುಮಾರ.

“ಯುದ್ಧ ಎಲ್ಲಿ ನಡದದ್ರಿ?”

“ಗಡಿಯಾಗ.”

“ಗಡಿ ಇಲ್ಲಿಂದ ಎಷ್ಟ ದೂರ ಅದ?”

“ಸಾವಿರದ ಮ್ಯಾಲ ಕಿಲೋಮೀಟರ್.”

“ಮತ್ತ ಇದಕ್ಕಿಂತ ಸುರಕ್ಷಿತ ಜಾಗ ಎಲ್ಲದ್ರಿ?”

ಉತ್ತರದ ಬದಲು ಅವನೊಂದು ಕಾಗದ ತೋರಿಸಿದ. ರಸೀದಿ ಕೇಳಿದರೆ ಯುದ್ಧದ ಕಾಲದಲ್ಲಿ ಕೊಡುವುದಿಲ್ಲ ಎಂದ. ಯಾವ ಆಫೀಸು ಎಂದರೆ ಅದೂ ಗುಟ್ಟು ಎಂದ. ಸರ್ಕಾರದವರು ಹೇಳಿದ ದಿನ ಬಂದದ್ದನ್ನೇ ಗೊಲ್ಲಾಳಮ್ಮ ಕಂಡಿರಲಿಲ್ಲ. ಇವರು ಹೇಳದೇ ಬಂದಿದ್ದಾರೆ, ಅದೂ ಇಂಥ ಉರಿಬಿಸಿಲಲ್ಲಿ, ಗಾಡಿಯಲ್ಲಿ ಗಾದಿ ಬೇರೆ ಹಾಸಿಕೊಂಡು! ಕಳ್ಳರೇ ಸರಿ ಎಂದು ಅವಳಿಗೆ ಖಾತ್ರಿಯಾಯಿತು.

ಅಷ್ಟರಲ್ಲಿ ಡ್ರೈವರ್ ಯಂಕಣ್ಣ ಸರಪಳಿ ಹೊತ್ತು ಬಂದ. ಕಲ್ಲಿನ ಮೇಲಿನ ಎಣ್ಣೆ, ಕುಂಕುಮ ನೋಡಿದವನೇ ಸರಪಳಿ ಕೆಳಗಿಟ್ಟುಬಿಟ್ಟ. “ಸಾಹೇಬ್ರ, ಇದು ಪೂಜಿ ಆಗೋ ಕಲ್ಲು. ಹೂ ಕೇಳದ ನಾ ಕೈ ಹಚ್ಚಂಗಿಲ್ಲ.”

ದೇವರ ಎರಡೂ ಭುಜಕ್ಕೆ ನೀರಲ್ಲಿ ಅದ್ದಿದ ಹೂವಿನ ಎಸಳು ಅಂಟಿಸಿ ಕೇಳಬೇಕು. ಬಲಗಡೆಯದು ಮೊದಲು ಬಿದ್ದರೆ ಹೂಂ, ಎಡಗಡೆಯದು ಬಿದ್ದರೆ ಒಲ್ಲೆ. ಸಂಜುಕುಮಾರ ಹಲ್ಲು ಕಡಿದ. ಆದರೆ ಕಲ್ಲು ಒಬ್ಬನಿಂದ ಏಳುವಂಥದ್ದಲ್ಲ.

“ಇರ್ರಿ, ಹೂ ತರ್ತೀನಿ,” ಎಂದವಳೇ ಗೊಲ್ಲಾಳಮ್ಮ ಓಡಿದಳು.

ಊರ ಗಂಡಸರೆಲ್ಲ ಶಾಂತಪ್ಪನ ಚಹಾದಂಗಡಿಯಲ್ಲಿ ಟಿ.ವಿ. ಮುಂದೆ ಕೂತು ಯುದ್ಧ ಗೆಲ್ಲುತ್ತಿದ್ದರು.

“ಈರಪ್ಪನ್ನ ಒಯ್ಯಾಕ ಕಳ್ಳರು ಬಂದಾರ್ರೋ!”

“ಶ್! ಜಾಹೀರಾತು ಬರ್ಲಿ, ಬರ್ತೀವಿ ನಡಿ.”

ಟಿ.ವಿ. ಇಲ್ಲದ ಅಂಗಡಿ ಎಂದರೆ ಪಕ್ಕದ ಮನ್ಸೂರಅಲಿಯ ಪಂಚರ್ ಅಂಗಡಿಯೊಂದೇ. “ಏನಾಯ್ತು ಗೊಲ್ಲಾಳಕ್ಕಾ, ಹಿಂಗ್ಯಾಕ ಓಡಾಕತ್ತಿ?”

“ಸೊಲೂಷನ್ ಕೊಡೋ ಮನ್ಸೂರ. ದೇವ್ರಿಗಿ ಪಂಚರ್ ಹಚ್ಚೋದದ.”

ಮೂವತ್ತು ವರ್ಷದಲ್ಲಿ ಸೈಕಲ್ಲಿನಿಂದ ಟ್ರ್ಯಾಕ್ಟರ್‌ವರೆಗೆ ಎಲ್ಲಕ್ಕೂ ಪಂಚರ್ ಹಚ್ಚಿದ್ದ ಮನ್ಸೂರಅಲಿಗೆ ದೇವರೊಂದು ಬಾಕಿ ಇತ್ತು. ಅಂಟಿನ ಡಬ್ಬಿ ತೆಗೆದು ಕೊಟ್ಟ. “ತುಸು ಒಣಗಿಸಿ ಒತ್ತು ಅಕ್ಕಾ. ಆಮ್ಯಾಲ ನೀನು ಕಿತ್ತಿದ್ರೂ ಬರಂಗಿಲ್ಲ,” ಎಂದಷ್ಟೇ ಹೇಳಿದ.

ಕಣಗಲ ಹೂ ಕಿತ್ತುಕೊಂಡು ಬಂದ ಗೊಲ್ಲಾಳಮ್ಮ, ಸೆರಗು ಮರೆಮಾಡಿ ಬಲಭುಜದ ಎಸಳಿಗೆ ಸೊಲೂಷನ್ ಹಚ್ಚಿದಳು. ಎಡಭುಜದ್ದಕ್ಕೆ ಬರೀ ನೀರು. “ಈರಪ್ಪಾ, ಇವರ ಜೋಡಿ ಹೋಗ್ತೀ ಅಂದ್ರ ಬಲಗಡಿ ಕೊಡು, ಒಲ್ಲೆ ಅಂದ್ರ ಎಡಗಡಿ ಕೊಡು,” ಎಂದು ಕೈಮುಗಿದಳು. ಕಳ್ಳರಿಗಿಂತ ಅವಳು ಹೆದರಿದ್ದು ಈರಪ್ಪನಿಗೇ. ಇಷ್ಟು ವರ್ಷದಲ್ಲಿ ಅವನಿಗೆ ಮೋಸ ಮಾಡಿದ್ದು ಇದೇ ಮೊದಲು.

ಬಿಸಿಗಾಳಿ ಬೀಸಿತು. ಎಡಗಡೆಯದು ಬಿತ್ತು.

“ಪ್ರಶ್ನಿ ಸರಿಯಾಗಿ ಕೇಳಿಲ್ಲ. ಮತ್ತೊಮ್ಮಿ ಕೇಳ್ರಿ,” ಎಂದ ಸಂಜುಕುಮಾರ. ಗೊಲ್ಲಾಳಮ್ಮ ಎಡಕ್ಕೆ ಹೊಸ ಎಸಳಿಟ್ಟು ಕೇಳಿದಳು. ಮತ್ತೆ ಎಡಗಡೆಯದೇ ಬಿತ್ತು. ಮೂರನೆಯ ಸಲ ಅವನೇ ಬೂಟು ಕಳಚಿ ನಿಂತು, ಈರಪ್ಪನಿಗೆ ದೇಶದ ಪರಿಸ್ಥಿತಿ ವಿವರಿಸಿದ, ಎಸಿ ರೂಮು, ತುಪ್ಪದ ದೀಪ ಎಲ್ಲ ಕೊಡುತ್ತೇನೆಂದ. ಈರಪ್ಪ ಎಸಿಗೂ ಬಗ್ಗಲಿಲ್ಲ. ತಡೆಯಲಾರದೆ ಸಂಜುಕುಮಾರ ಬಗ್ಗಿ ಬಲಗಡೆಯ ಹೂವಿಗೆ ಉಫ್ ಎಂದು ಊದಿದ.

“ದೇವ್ರೇನು ಚಹಾ ಏನ್ರಿ, ಊದಾಕ?” ಯಂಕಣ್ಣ ಗದರಿದ. ತಾನೇ ಮುಂದೆ ಬಂದು, ಹೂವಿನ ಹತ್ತಿರ ಮುಖ ಒಯ್ದು ನೋಡಿ, ಹಿಂದೆ ಸರಿದ. “ಇಲ್ರಿ ಸಾಹೇಬ್ರ. ಭಾಳ ಗಟ್ಟಿ ಒಲ್ಲೆ ಅನ್ನಾಕತ್ತಾನ.”

ಅಷ್ಟೊತ್ತಿಗೆ ಅಂತೂ ಜಾಹೀರಾತು ಬಂದಿರಬೇಕು. ಚಹಾದಂಗಡಿಯಿಂದ ಇಪ್ಪತ್ತು ಮಂದಿ ಗಂಡಸರು, ಇನ್ನೂ ಯುದ್ಧದ ಹುಮ್ಮಸ್ಸಿನಲ್ಲೇ, ಹಿತ್ತಲಿನ ಕಡೆಗೆ ಹೊರಟರು. ಸಂಜುಕುಮಾರ ಬೂಟು ಕೈಯಲ್ಲಿ ಹಿಡಿದು ಗಾಡಿ ಹತ್ತಿ ಗಾಜು ಏರಿಸಿಕೊಂಡ.

ಯಂಕಣ್ಣ ಮಾತ್ರ ಅವಸರ ಮಾಡಲಿಲ್ಲ. ಸರಪಳಿ ಸುತ್ತಿಕೊಂಡು, ಈರಪ್ಪನಿಗೆ ಅಡ್ಡಬಿದ್ದು ಎದ್ದ. “ಅಮ್ಮಾ, ಸೊಲೂಷನ್ ತುಸು ಜಾಸ್ತಿ ಆಗ್ಯದ,” ಎಂದು ಮೆಲ್ಲಗೆ ಹೇಳಿದ. “ಸುರಪುರದಾಗ ಹತ್ತು ವರ್ಷ ಪಂಚರ್ ಹಚ್ಚೀನಿ. ವಾಸನಿ ಗೊತ್ತಾಗ್ತದ.”

ಗೊಲ್ಲಾಳಮ್ಮ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. “ಮತ್ತ ಯಾಕ ಸುಮ್ಮನಿದ್ದೆಪ್ಪಾ?”

“ನಿನ್ನಿ ಇನ್ನೊಂದು ಊರಾಗೂ ಹೂ ಕೇಳಬೇಕು ಅಂತ ಹಟ ಹಿಡಿದೆ. ಹೂ ತರಾಕ ಟಿ.ವಿ. ಮುಂದಿಂದ ಒಬ್ರೂ ಎದ್ದು ಬರ್ಲಿಲ್ರಿ.” ಯಂಕಣ್ಣ ಗಾಡಿಯ ಬಾಗಿಲು ತೆಗೆದ. “ಅವರ ಜಾಹೀರಾತು ಬರೋದ್ರಾಗ ಅವರ ದೇವ್ರು ಭೀಮಾ ಹೊಳಿ ದಾಟಿದ್ದ.”