ಕೆಂಪು ಚುಕ್ಕೆಗಳು

ಮೇಘನ ಲ್ಯಾಪ್‌ಟಾಪನ್ನು ಅಪ್ಪನ ಕಡೆ ತಿರುಗಿಸಿದ್ದೇ ತಡ, ಬಚ್ಚಪ್ಪ ಮಗ್ಗ ನಿಲ್ಲಿಸಿದರು. ದೊಡ್ಡಬಳ್ಳಾಪುರದ ಅರ್ಧ ಸದ್ದು ಅಲ್ಲೇ ಅಡಗಿತು. ಅವರ ಶ್ವಾಸಕೋಶದ ಗಡ್ಡೆಯ ಚೂರನ್ನು ಮಗಳ ಲ್ಯಾಬು ಒಂದೊಂದೇ ಜೀವಕೋಶವಾಗಿ ಬಿಡಿಸಿ ಓದಿತ್ತು. ಪರದೆಯ ತುಂಬ ಬಣ್ಣದ ಚುಕ್ಕೆಗಳು. ಅಂಥ ಸೀರೆ ಇಂದ್ರನ ಅರಮನೆಯಲ್ಲೂ ಇರಲಿಕ್ಕಿಲ್ಲ.

“ಈ ಕೆಂಪು ಯಾವ್ದವ್ವಾ?”

“ರೋಗದ ಜೊತೆ ಹೊಡೆದಾಡೋ ಜೀವಕೋಶ ಅಪ್ಪಾ. ಎಲ್ಲಾ ನಿನ್ನವೇ.”

“ಇಷ್ಟೊಂದಾ! ಲೇ ಅಂಜನಮ್ಮಾ, ನಿನ್ ಗಂಡನ್ ಎದೇಲಿ ದೊಡ್ಡ ದಂಡೇ ಐತೆ ಕಣೇ! ಒಂದ್ ಗಡ್ಡೆ ಯಾವ ಲೆಕ್ಕ?” ಆ ಕೂಗು ನಂದಿಬೆಟ್ಟಕ್ಕೆ ಬಡಿದು ವಾಪಸು ಬಂತು.

ಮೇಘನ ನಗಲಿಲ್ಲ. “ಗಡ್ಡೆ ಒಳಗೇನೋ ಹೋಗಿದಾವೆ ಅಪ್ಪಾ. ಆದ್ರೆ ಸುಸ್ತಾಗಿಬಿಟ್ಟಿದಾವೆ. ಅದನ್ನ ಕೊಲ್ಲೋ ಶಕ್ತಿ ಉಳಿದಿಲ್ಲ.”

ಭೂಮಿಗೆ ಏಳು ಸುತ್ತು ಉಡಿಸುವಷ್ಟು ಸೀರೆ ನೇಯ್ದಿದ್ದ ಬಚ್ಚಪ್ಪ, ಎಳೆ ಕಡಿದ ಜಾಗ ಹುಡುಕುವವರಂತೆ ಪರದೆಯ ಮೇಲೆ ಬೆರಳಾಡಿಸಿದರು.

“ಲಾಳಿ ಓಡಾಡ್ತಾನೇ ಐತೆ, ಒಳಗಿನ ನೂಲು ಮುಗಿದೈತೆ. ಹಂಗಾ?”

ಮೇಘನ ಹೌದೆಂದು ತಲೆಯಾಡಿಸಿದಳು.

ಅಂಜನಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. “ಎಲ್ಲಿ, ನಂಗೂ ತೋರ್ಸಿ.”

ಬಚ್ಚಪ್ಪ ಮಗಳ ಕೈ ಒತ್ತಿದರು. “ಬರೀ ಚುಕ್ಕೆ ತೋರ್ಸವ್ವಾ,” ಎಂದರು. ಪಕ್ಕದಲ್ಲೇ ಕೂತಿದ್ದ ಅವಳಿಗೂ ಸರಿಯಾಗಿ ಕೇಳಿಸದಷ್ಟು ಮೆಲ್ಲಗೆ.