ಮೊದಲ ಸಾಲಿನ ಹೆಸರು

"ಡೆಸ್, ನಮ್ಮ ರಿಪೇರಿ ಪೆನ್‌ಡ್ರೈವ್ ಎಲ್ಲಾದ್ರೂ ನೋಡಿದ್ರಾ?" ಎಂದು ನೈರಿ ಕೇಳಿದಾಗ, ಅದು ಸ್ವೆಟರಿನ ಜೇಬಿನೊಳಗೆ ಡೆಸ್ಮಂಡನ ಮುಷ್ಟಿಯಲ್ಲೇ ಇತ್ತು.

"ಇಲ್ಲಮ್ಮ. ನಿನ್ನಂಥ ಜಾಣೆಗೆ ಅದೆಲ್ಲ ಯಾಕೆ ಬೇಕು?"

ಆಸ್ಟ್ರೇಲಿಯಾದ ಹೋಬಾರ್ಟಿನ ಆ ಶೆಡ್ಡಿನಲ್ಲಿ ನಿವೃತ್ತರೆಲ್ಲ ಸೇರಿ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿ ಬದುಕಿಸುತ್ತಿದ್ದರು. ಯಂತ್ರವನ್ನು ಚಾಲೂ ಮಾಡುವ ಪುಟ್ಟ ಪ್ರೋಗ್ರಾಂ, ಬೂಟ್ ಲೋಡರ್, ಕೂರಿಸಿದವರು ಪರದೆಯ ಮೊದಲ ಸಾಲಿನಲ್ಲಿ ತಮ್ಮ ಹೆಸರು ಬರೆಯುವುದು ಅಲ್ಲಿನ ರೂಢಿ. ನೈರಿಯ ಮುಂದಿದ್ದ, ಗ್ರಂಥಾಲಯದ ಈ ಯಂತ್ರ ಡೆಸ್ಮಂಡ್ ಕಟ್ಟಿದ್ದು. ಈಗ ಅದರ ಡಿಸ್ಕ್ ಕೆಡುತ್ತಿದ್ದುದರಿಂದ ಬೂಟ್ ಲೋಡರನ್ನು ಹೊಸ ಡಿಸ್ಕಿಗೆ ಸಾಗಿಸಬೇಕಿತ್ತು. ಡೆಸ್ಮಂಡನ ಕೈ ನಡುಗುತ್ತದೆಂದು ಆ ಕೆಲಸವನ್ನು ಮೊನ್ನೆ ಮೊನ್ನೆ ಬಂದ ನೈರಿಗೆ ಕೊಟ್ಟಿದ್ದರು, ಅವನ ಕುರ್ಚಿಯನ್ನೂ.

ಅವಳು ಗೊಣಗದೆ, ಪೆನ್‌ಡ್ರೈವಿನ ಬದಲು ಹಳೆಯ ಸೀಡಿಯೊಂದರಿಂದ ಯಂತ್ರವನ್ನು ಎಬ್ಬಿಸಿ, ಕೆಲಸ ಮುಗಿಸಿ, ಮತ್ತೆ ಚಾಲೂ ಮಾಡಿದಳು. ಪರದೆ ಕಪ್ಪಾಗಿಯೇ ಉಳಿಯಲಿ ಎಂದು ಡೆಸ್ಮಂಡ್ ಮನಸ್ಸಿನಲ್ಲೇ ಹಾರೈಸಿದ. ಅಷ್ಟರಲ್ಲಿ ಅಕ್ಷರಗಳು ಮೂಡಿದವು: "ಡೆಸ್ ಕಟ್ಟಿದ್ದು. ಹೆದರದೆ ಎಂಟರ್ ಒತ್ತಿ."

"ಹಳೇ ಡಿಸ್ಕಲ್ಲಿ ನಿಮ್ಮ ಸಾಲು ಓದೋಕೇ ಬರ್ಲಿಲ್ಲ. ನೆನಪಿಂದ ಟೈಪ್ ಮಾಡ್ದೆ. ಸರಿ ಇದೆಯಾ ನೋಡಿ," ಎಂದಳು ನೈರಿ.

ಡೆಸ್ಮಂಡ್ ಜೇಬಿನಿಂದ ಕೈ ತೆಗೆದು ಪೆನ್‌ಡ್ರೈವನ್ನು ಅವಳ ಟೀ ಲೋಟದ ಪಕ್ಕದಲ್ಲಿಟ್ಟ. ಅವಳು ಅದನ್ನು ಎತ್ತಿಕೊಂಡಳು. ಮುಷ್ಟಿಯ ಬಿಸಿಗೆ ಅದು ಇನ್ನೂ ಬೆಚ್ಚಗಿತ್ತು.

"ಅಂತೂ ಸಿಕ್ತಲ್ಲ," ಎಂದು ನೈರಿ ಎದ್ದು, ಕುರ್ಚಿಯನ್ನು ಅವನತ್ತ ಸರಿಸಿದಳು.